ಆಲ್ಪ್ಸ್‌ನಲ್ಲಿ ಇಳಕಲ್ ಸೀರೆ: ಬೆಟ್ಟದವರ ಬಟ್ಟೆಗಳ ನಡುವೆ ಒಂದು ಓಡಾಟ

(ಬಾಗಲಕೋಟೆ ಜಿಲ್ಲೆಯ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ರಜೆಯಲ್ಲಿ ನಾನು ಯುರೋಪಿನ ಆಲ್ಪ್ಸ್ ಬೆಟ್ಟಗಳನ್ನು ಇಳಕಲ್ ಸೀರೆ ಉಟ್ಟುಕೊಂಡೇ ಸುತ್ತಿ ಬಂದೆ. ಅದರ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಸೀರೆ ಉಟ್ಟುಕೊಂಡು ಹಿಮದ ಬೆಟ್ಟಕ್ಕೆ ಹೋದರೆ ಚಳಿ ಆಗೋದಿಲ್ವಾ? ಸರಿಯಾಗಿ ಉಟ್ಟರೆ ಆಗೋದಿಲ್ಲ. ಚಳಿ ತಡೆಯೋದು ಒಳಗಿನ ಬಟ್ಟೆ ಮತ್ತು ಒಂದು ಬಟ್ಟೆಗೂ ಇನ್ನೊಂದಕ್ಕೂ ನಡುವೆ ನಿಲ್ಲುವ ಗಾಳಿ. ಮೈಗೆ ಅಂಟಿಕೊಂಡು ಉಣ್ಣೆಯದ್ದು ಇರಬೇಕು, ಹತ್ತಿಯದ್ದು ಇರಬಾರದು. ಹತ್ತಿ ಬೆವರು ಹೀರಿ ಒದ್ದೆಯಾಗುತ್ತದೆ, ನಿಂತ ಕೂಡಲೇ ಮೈ ತಣ್ಣಗಾಗುತ್ತದೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ. ಹಾಗಾಗಿ ನಾನು ಒಳಗೆ ತೆಳು ಉಣ್ಣೆಯ ಅಂಗಿ ಮತ್ತು ಪ್ಯಾಂಟು ಹಾಕುತ್ತಿದ್ದೆ. ಅದರ ಮೇಲೆ ಸ್ವಲ್ಪ ಸಡಿಲವಾಗಿ, ಪೂರ್ತಿ ತೋಳಿಟ್ಟು ಹೊಲಿಸಿದ ಗುಳೇದಗುಡ್ಡದ ಖಣದ ಕುಬಸ. ಅದರ ಮೇಲೆ ಒಂಬತ್ತು ಗಜದ ಇಳಕಲ್ ಸೀರೆ, ಕಚ್ಚೆ ಹಾಕಿ, ಕಣಕಾಲಿನ ಮೇಲೆ ನಿಲ್ಲುವ ಹಾಗೆ. ಕಾಲಿಗೆ ಉಣ್ಣೆಯ ಕಾಲುಚೀಲ, ಬೆಟ್ಟ ಹತ್ತುವ ಬೂಟು. ಗಾಳಿ ಬಂದರೆ ಮೇಲೊಂದು ಜಾಕೆಟ್. ಜಾಕೆಟ್ ಹಾಕಿದರೆ ಸೀರೆಯ ಮರ್ಯಾದೆ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪೋದಿಲ್ಲ. ನಮ್ಮ ಅಜ್ಜಿಯರು ಮಳೆಗಾಲದಲ್ಲಿ ಸೀರೆಯ ಮೇಲೆ ಕಂಬಳಿಕೊಪ್ಪೆ ಹಾಕಿಕೊಂಡೇ ಹೊಲಕ್ಕೆ ಹೋಗುತ್ತಿದ್ದರು.

ನಿಮಗೆ ಸಿನಿಮಾದ ಚಿತ್ರ ಕಣ್ಣ ಮುಂದೆ ಬಂದಿರಬಹುದು. ಹಿಮದ ನಡುವೆ ನಾಯಕಿ ತೆಳು ಶಿಫಾನ್ ಸೀರೆಯಲ್ಲಿ ಕುಣಿಯುತ್ತಾಳೆ, ನಾಯಕ ಮಾತ್ರ ದಪ್ಪ ಸ್ವೆಟರ್ ಹಾಕಿಕೊಂಡಿರುತ್ತಾನೆ. ಸ್ವಿಟ್ಜರ್ಲೆಂಡ್‌ಗೆ ಭಾರತದ ಪ್ರವಾಸಿಗರು ಇಷ್ಟು ಬರೋದಕ್ಕೆ ಆ ಹಾಡುಗಳು ದೊಡ್ಡ ಕಾರಣ. ಇಂಟರ್‌ಲಾಕೆನ್ ಊರಿನಲ್ಲಿ ನಿರ್ದೇಶಕ ಯಶ್ ಚೋಪ್ರಾ ಅವರ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ, 2016ರಲ್ಲಿ. ಆ ಹಾಡುಗಳನ್ನು ನಾನೂ ಪ್ರೀತಿಯಿಂದ ನೋಡಿದವಳೇ. ಆದರೆ ಆ ನಾಯಕಿಯರು ಆ ಚಳಿಯಲ್ಲಿ ನಿಜವಾಗಿ ಎಷ್ಟು ನಡುಗಿರಬೇಕು ಅಂತ ಅಲ್ಲಿ ನಿಂತಾಗ ನನಗೆ ತುಂಬಾ ಸಂಕಟವಾಯಿತು. ಅದು ನೋಡುವವರಿಗಾಗಿ ಉಡಿಸಿದ ಸೀರೆ. ಉಟ್ಟವರಿಗೆ ಅದರಿಂದ ಏನೂ ಉಪಯೋಗ ಇರಲಿಲ್ಲ.

ಇವತ್ತು ನಾನು ಮಾತಾಡೋದು ಇದರ ಬಗ್ಗೆಯೇ. ಒಂದು ಬಟ್ಟೆ ಯಾವಾಗ ಬಟ್ಟೆಯಾಗಿರುತ್ತದೆ, ಯಾವಾಗ ವೇಷ ಆಗಿಬಿಡುತ್ತದೆ?

ನಾನು ಜ್ಯೂರಿಚ್‌ನಲ್ಲಿ ಓದುತ್ತಿದ್ದೇನೆ. ಹೊರಡುವಾಗ ಅವ್ವ ಎರಡು ಇಳಕಲ್ ಸೀರೆ ಪೆಟ್ಟಿಗೆಗೆ ಹಾಕಿದ್ದಳು. ಯುಗಾದಿಗೆ ಒಂದು, ರಾಜ್ಯೋತ್ಸವಕ್ಕೆ ಇನ್ನೊಂದು. ಉಡೋದು, ಫೋಟೋ ತೆಗೆಸಿಕೊಳ್ಳೋದು, ಮಡಿಚಿ ಇಡೋದು. ಒಂದು ದಿನ ಕೂತು ಯೋಚಿಸಿದೆ. ನಮ್ಮ ಅಜ್ಜಿ ಇದೇ ಸೀರೆ ಉಟ್ಟು ಜೋಳದ ಹೊಲದಲ್ಲಿ ಕಳೆ ತೆಗೆದವಳು, ಬಾವಿಯಿಂದ ನೀರು ಹೊತ್ತವಳು, ಬನಶಂಕರಿ ಜಾತ್ರೆಗೆ ನಡೆದವಳು. ನನ್ನ ಕೈಗೆ ಬರುವಷ್ಟರಲ್ಲಿ ಅದು ಸ್ಟೇಜಿನ ಬಟ್ಟೆಯಾಗಿತ್ತು. ರಜೆಯಲ್ಲಿ ಆಲ್ಪ್ಸ್ ಸುತ್ತೋದು ಅಂತ ಗೊತ್ತಾಗಿತ್ತಲ್ಲ, ಸೀರೆಯಲ್ಲೇ ಸುತ್ತೋಣ ಅಂತ ತೀರ್ಮಾನ ಮಾಡಿದೆ. ಫೋನಿನಲ್ಲಿ ಹೇಳಿದಾಗ ಅವ್ವ, "ಅಲ್ಲಿ ಥಂಡಿ ಭಾಳ ಇರ್ತದಂತ, ಪ್ಯಾಂಟ್ ಹಾಕ್ಕೊಂಡು ಸುಮ್ನ ಹೋಗಬಾರದೇನವ್ವಾ?" ಅಂದಳು. ಒಳಗೆ ಪ್ಯಾಂಟೂ ಇರುತ್ತದೆ ಅಂತ ಹೇಳಿದ ಮೇಲೆ ಸಮಾಧಾನ ಆಯಿತು.

ಮೊದಲು ಹೋಗಿದ್ದು ಯುಂಗ್‌ಫ್ರಾವ್ ಅನ್ನೋ ಶಿಖರದ ಕಡೆಗೆ. ಲೌಟರ್‌ಬ್ರುನ್ನನ್ ಅನ್ನೋದು ಒಂದು ಕಣಿವೆಯ ಊರು, ಸಮುದ್ರಮಟ್ಟದಿಂದ ಸುಮಾರು 800 ಮೀಟರ್. ಎರಡೂ ಕಡೆ ಕಡಿದಾದ ಬಂಡೆಗೋಡೆ. ಅದರಲ್ಲೊಂದರಿಂದ ಸ್ಟೌಬಾಖ್ ಜಲಪಾತ ಬೀಳುತ್ತದೆ, ಹತ್ತಿರ ಹತ್ತಿರ 300 ಮೀಟರ್. ನಮ್ಮ ಜೋಗದ ರಾಜಾ 253 ಮೀಟರ್ ಅಲ್ವಾ, ಅದಕ್ಕಿಂತ ಎತ್ತರ. ಆದರೆ ನೀರು ಕಮ್ಮಿ. ಅರ್ಧದಾರಿಯಲ್ಲೇ ಗಾಳಿಗೆ ಪುಡಿಯಾಗಿ ಹಾರಿಹೋಗುತ್ತದೆ. ಮಳೆಗಾಲದ ಜೋಗ ನೋಡಿದವರಿಗೆ ಇದರ ಅಂದವೇ ಬೇರೆ ಅನಿಸುತ್ತದೆ.

ಅಲ್ಲಿಂದ ಹಲ್ಲುಚಕ್ರದ ರೈಲು ಹತ್ತಬೇಕು. ಹಳಿಗಳ ನಡುವೆ ಹಲ್ಲಿರುವ ಇನ್ನೊಂದು ಪಟ್ಟಿ ಇರುತ್ತದೆ, ರೈಲಿನ ಕೆಳಗಿನ ಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ. 1893ರಿಂದ ಓಡುತ್ತಿರುವ ಈ ರೈಲು ಕ್ಲೈನೆ ಶೈಡೆಗ್‌ವರೆಗೆ ಕರೆದುಕೊಂಡು ಹೋಗುತ್ತದೆ, 2061 ಮೀಟರ್. ಅಲ್ಲಿ ಇಳಿದರೆ ಐಗರ್, ಮಂಕ್, ಯುಂಗ್‌ಫ್ರಾವ್ ಮೂರೂ ಶಿಖರ ಸಾಲಾಗಿ ಎದುರಿಗೆ. ಮೇಲಿನ ರೈಲು ಇನ್ನೂ ದೊಡ್ಡ ಸಾಹಸ. ಅಡಾಲ್ಫ್ ಗುಯರ್-ಜೆಲ್ಲರ್ ಅನ್ನೋ ಉದ್ಯಮಿ 1896ರಲ್ಲಿ ಕೆಲಸ ಶುರು ಮಾಡಿಸಿದರು, ಮೂರೇ ವರ್ಷಕ್ಕೆ ತೀರಿಕೊಂಡರು. ಐಗರ್ ಮತ್ತು ಮಂಕ್ ಬೆಟ್ಟಗಳ ಹೊಟ್ಟೆಯೊಳಗೆ ಏಳು ಕಿಲೋಮೀಟರಿಗೂ ಉದ್ದದ ಸುರಂಗ ಕೊರೆದು 1912ರಲ್ಲಿ ಮೇಲಿನ ನಿಲ್ದಾಣ ತಲುಪಿದರು. ಕೊರೆದವರಲ್ಲಿ ಹೆಚ್ಚಿನವರು ಇಟಲಿಯಿಂದ ಬಂದ ಬಡ ಕೂಲಿಗಳು. ಸುಮಾರು 30 ಮಂದಿ ಅಲ್ಲೇ ಸತ್ತರು. ನಾವು ಬೆಚ್ಚಗೆ ಕೂತು ಕಿಟಕಿಯಿಂದ ನೋಡುವ ಆ ಕತ್ತಲೆಯಲ್ಲಿ ಅವರು ವರ್ಷಗಟ್ಟಲೆ ದುಡಿದಿದ್ದಾರೆ. ಇದನ್ನು ನಾನು ಎಲ್ಲಿ ಮಾತಾಡಿದರೂ ಹೇಳುತ್ತೇನೆ. ಎತ್ತರ, ವೇಗ, ಟಿಕೆಟ್ ದರ ಎಲ್ಲರಿಗೂ ಗೊತ್ತಿರುತ್ತದೆ. ಆ ಕೂಲಿಗಳ ಸುದ್ದಿ ಮಾತ್ರ ಕಮ್ಮಿ ಮಂದಿಗೆ ಗೊತ್ತು.

ಮೇಲಿನ ನಿಲ್ದಾಣ ಯುಂಗ್‌ಫ್ರಾವ್‌ಯೋಖ್, 3454 ಮೀಟರ್. ಇಂಟರ್‌ಲಾಕೆನ್ 567 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಚಳಿ ಹೆಚ್ಚುತ್ತದೆ. ಕೆಳಗೆ ಬೇಸಿಗೆಯ ಬಿಸಿಲಲ್ಲಿ ಐಸ್‌ಕ್ರೀಮ್ ತಿಂದವರು ಮೇಲೆ ಇಳಿಯುವಾಗ ಹಿಮಕ್ಕೆ ಕಾಲಿಡುತ್ತಾರೆ. ಗಾಳಿಯೂ ತೆಳು. ಸಮುದ್ರಮಟ್ಟದ ಒತ್ತಡದ ಮೂರನೇ ಎರಡರಷ್ಟು ಮಾತ್ರ. ಮೆಟ್ಟಿಲು ಬೇಗ ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ. ನಿಧಾನ ನಡೆಯಬೇಕು, ನೀರು ಕುಡಿಯುತ್ತಿರಬೇಕು.

ಹೊರಗೆ ಹಿಮದ ಮೇಲೆ ನಡೆಯಲು ಹಗ್ಗ ಕಟ್ಟಿದ ಜಾಗ ಇದೆ. ಅಲ್ಲಿ ಗಾಳಿಗೆ ಸೆರಗು ಹಿಡಿದು ನಿಲ್ಲೋದೇ ಒಂದು ಕೆಲಸ. ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿಕೊಂಡೆ, ಹೊಲದಲ್ಲಿ ಸಿಕ್ಕಿಸುವ ಹಾಗೆಯೇ. ಕಚ್ಚೆ ಇದ್ದಿದ್ದರಿಂದ ಎರಡೂ ಕಾಲಿಗೆ ಹೆಜ್ಜೆ ಹಾಕಲು ಬಿಡುವು ಸಿಕ್ಕಿತು. ನಿರಿಗೆ ಕಾಲಿಗೆ ತೊಡರಲಿಲ್ಲ. ಪಕ್ಕದಲ್ಲಿ ಆಲೆಚ್ ಹಿಮನದಿ ಕಾಣುತ್ತದೆ, ಆಲ್ಪ್ಸ್‌ನಲ್ಲೇ ಉದ್ದದ್ದು, 20 ಕಿಲೋಮೀಟರ್ ದಾಟುತ್ತದೆ. ವರ್ಷವರ್ಷ ಕರಗಿ ಹಿಂದೆ ಸರಿಯುತ್ತಿದೆ. ನೋಡಿದರೆ ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತಿದೆ ಅನಿಸುತ್ತದೆ, ಆದರೆ ನಿಧಾನವಾಗಿ ಹರಿಯುತ್ತಲೇ ಇದೆ.

ಅಲ್ಲಿ ಭಾರತದವರು ತುಂಬಾ ಮಂದಿ ಸಿಗುತ್ತಾರೆ. ಮಹಾರಾಷ್ಟ್ರದಿಂದ ಟೂರ್ ಗುಂಪಿನಲ್ಲಿ ಬಂದಿದ್ದ ವಯಸ್ಸಾದ ಒಬ್ಬ ತಾಯಿ ದೂರದಿಂದಲೇ ನನ್ನ ಸೆರಗು ನೋಡಿ, "ಇರ್ಕಲ್?" ಅಂತ ಕೇಳಿದರು. ಅಲ್ಲಿನವರು ನಮ್ಮ ಇಳಕಲ್ಲನ್ನು ಹಾಗೇ ಕರೆಯುತ್ತಾರೆ. ಹೌದು ಅಂದೆ. ಅವರೂ ಸೀರೆಯಲ್ಲೇ ಇದ್ದರು, ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ. ತಾವು ಮದುವೆಯಾದಾಗ ಕೊಟ್ಟಿದ್ದು ಇಂಥದ್ದೇ ಸೀರೆ ಅಂತ ಹಿಂದಿ ಮರಾಠಿ ಕಲಸಿ ಹೇಳಿದರು. ನನ್ನ ಸೆರಗಿನ ಕೆಂಪು ರೇಷ್ಮೆಯ ಮೇಲಿನ ಬಿಳಿ ತೆನೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಲ್ಪ್ಸ್‌ನಲ್ಲಿ ಸೀರೆ ಉಟ್ಟ ಮೊದಲಿಗಳು ನಾನಲ್ಲ. ಅಮ್ಮಂದಿರು, ಅಜ್ಜಿಯರು ಬಹಳ ವರ್ಷದಿಂದ ಉಟ್ಟುಕೊಂಡು ಬರುತ್ತಿದ್ದಾರೆ. ಅವರ ಪಾಲಿಗೆ ಅದು ಸಾಹಸವೂ ಅಲ್ಲ, ಸುದ್ದಿಯೂ ಅಲ್ಲ. ಬೆಳಗ್ಗೆ ಎದ್ದು ಉಡುವ ಬಟ್ಟೆ ಅಷ್ಟೇ.

ಆಮೇಲೆ ತ್ಸೆರ್ಮಾಟ್‌ಗೆ ಹೋದೆ. ಪೆಟ್ರೋಲ್ ಕಾರುಗಳಿಗೆ ಅವಕಾಶ ಇಲ್ಲದ ಊರು. ಅಲ್ಲಿಂದ 1898ರ ಗೋರ್ನರ್‌ಗ್ರಾಟ್ ರೈಲು 3089 ಮೀಟರಿಗೆ ಏರುತ್ತದೆ. ಎದುರಿಗೆ ಮ್ಯಾಟರ್‌ಹಾರ್ನ್, 4478 ಮೀಟರ್. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ತಂಡ ಮೊದಲ ಬಾರಿ ತುದಿ ಮುಟ್ಟಿತು. ಇಳಿಯುವಾಗ ಏಳು ಮಂದಿಯಲ್ಲಿ ನಾಲ್ವರು ಬಿದ್ದು ಸತ್ತರು. ಈ ಕಥೆ ಎಲ್ಲ ಕಡೆ ಇದೆ. ನಾನು ಹೇಳಬೇಕಾಗಿರೋದು ಅದಾದ ಆರು ವರ್ಷದ ಮೇಲಿನ ಕಥೆ.

1871ರಲ್ಲಿ ಲೂಸಿ ವಾಕರ್ ಅನ್ನೋ ಇಂಗ್ಲಿಷ್ ಹೆಣ್ಣುಮಗಳು ಮ್ಯಾಟರ್‌ಹಾರ್ನ್ ಹತ್ತಿದಳು. ಹೆಣ್ಣುಮಕ್ಕಳಲ್ಲಿ ಅವಳೇ ಮೊದಲು. ಹತ್ತಿದ್ದು ಉದ್ದ ಲಂಗ ಉಟ್ಟುಕೊಂಡು! ಇನ್ನೂ ಹಿಂದೆ ಹೋದರೆ, 1808ರಲ್ಲಿ ಫ್ರಾನ್ಸಿನ ಶಾಮೊನಿ ಊರಿನ ಕೆಲಸದ ಹುಡುಗಿ ಮಾರಿ ಪಾರಡಿ ಮೊಂಬ್ಲಾಂ (ಮಾಂಟ್ ಬ್ಲಾಂಕ್) ಬೆಟ್ಟದ ತುದಿ ಮುಟ್ಟಿದಳು. 1838ರಲ್ಲಿ ಆಂರಿಯೆತ್ ದಾಂಜೆವಿಲ್ ಅದೇ ಬೆಟ್ಟ ಹತ್ತಿದಳು, 44ನೇ ವಯಸ್ಸಿನಲ್ಲಿ. ಅವಳು ತನ್ನ ಬಟ್ಟೆಯನ್ನು ತಾನೇ ಯೋಚಿಸಿ ಹೊಲಿಸಿಕೊಂಡಿದ್ದಳು. ಮೇಲೆ ನಿಲುವಂಗಿ, ಒಳಗೆ ಉಣ್ಣೆಯ ಷರಾಯಿ. ಈಗ ನನ್ನ ಸೀರೆ, ಅದರೊಳಗಿನ ಉಣ್ಣೆ ಪ್ಯಾಂಟು ನೆನಪಿಸಿಕೊಳ್ಳಿ. ಹೆಚ್ಚು ಕಡಿಮೆ ಅದೇ ಲೆಕ್ಕ. ಎಲಿಜಬೆತ್ ಲೆ ಬ್ಲಾಂಡ್ ಅನ್ನೋ ಇನ್ನೊಬ್ಬಳು ಊರೊಳಗೆ ಲಂಗ ಉಟ್ಟು ನಡೆಯುತ್ತಿದ್ದಳು. ಊರು ದಾಟಿದ ಮೇಲೆ ಅದನ್ನು ಬಿಚ್ಚಿಟ್ಟು, ಒಳಗಿನ ಷರಾಯಿಯಲ್ಲಿ ಬೆಟ್ಟ ಹತ್ತುತ್ತಿದ್ದಳು. 1907ರಲ್ಲಿ ಲಂಡನ್ನಿನಲ್ಲಿ ಹೆಂಗಸರ ಆಲ್ಪೈನ್ ಕ್ಲಬ್ ಶುರುವಾದಾಗ ಅವಳೇ ಮೊದಲ ಅಧ್ಯಕ್ಷೆ. ಅದೇ ವರ್ಷ ಸ್ವಿಟ್ಜರ್ಲೆಂಡಿನ ಆಲ್ಪೈನ್ ಕ್ಲಬ್ ಹೆಂಗಸರನ್ನು ಸೇರಿಸಿಕೊಳ್ಳೋದನ್ನೇ ನಿಲ್ಲಿಸಿತು. ಅಲ್ಲಿನ ಹೆಂಗಸರು 1918ರಲ್ಲಿ ತಮ್ಮದೇ ಕ್ಲಬ್ ಕಟ್ಟಿಕೊಂಡರು. ಎರಡೂ ಒಂದಾಗಿದ್ದು 1980ರಲ್ಲಿ.

ಈ ಹೆಣ್ಣುಮಕ್ಕಳ ಬಗ್ಗೆ ನನಗೆ ಎಷ್ಟು ಗೌರವ ಅಂದರೆ, ಗೋರ್ನರ್‌ಗ್ರಾಟ್‌ನಲ್ಲಿ ಮ್ಯಾಟರ್‌ಹಾರ್ನ್ ನೋಡುತ್ತಾ ಬಹಳ ಹೊತ್ತು ಕೂತುಬಿಟ್ಟೆ. ಅವರ ಕಾಲದಲ್ಲಿ ಲಂಗ ಬಿಡುವ ಹಾಗಿರಲಿಲ್ಲ, ಉಟ್ಟರೆ ಹತ್ತೋದು ಕಷ್ಟ. ಅದಕ್ಕೇ ಅವರು ಒಳಗೆ ಷರಾಯಿ ಹಾಕಿದರು. ನನಗೆ ಆ ಒತ್ತಾಯ ಇಲ್ಲ. ನಾನು ಸೀರೆ ಬೇಕು ಅಂತ ಆರಿಸಿಕೊಂಡವಳು. ಈ ವ್ಯತ್ಯಾಸ ಬಹಳ ದೊಡ್ಡದು. ಇಲ್ಲಿ ಕೂತಿರುವ ಹುಡುಗಿಯರಿಗೆ ಒತ್ತಿ ಹೇಳುತ್ತೇನೆ, ಯಾರೋ ಉಡಲೇಬೇಕು ಅಂದಿದ್ದಕ್ಕೆ ಉಡೋದಾದರೆ ನಾನು ಹೇಳುತ್ತಿರುವ ಖುಷಿ ಅದರಲ್ಲಿ ಸಿಗೋದಿಲ್ಲ.

ಇನ್ನು ಆಲ್ಪ್ಸ್‌ನವರ ಸ್ವಂತ ಬಟ್ಟೆಗೆ ಬರೋಣ. ಇದನ್ನು ಹೇಳಲು ನನಗೆ ಎಲ್ಲಕ್ಕಿಂತ ಇಷ್ಟ.

ಸ್ವಿಟ್ಜರ್ಲೆಂಡಿನ ಪೂರ್ವಕ್ಕೆ ಆಪೆನ್ಸೆಲ್ ಅಂತ ಒಂದು ಪುಟ್ಟ ಸೀಮೆ. ಬೇಸಿಗೆ ಶುರುವಾದಾಗ ದನಗಳನ್ನು ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ, ಬೇಸಿಗೆ ಮುಗಿಯುವಾಗ ಇಳಿಸುತ್ತಾರೆ. ಮುಂದೆ ಬಿಳಿ ಆಡುಗಳು, ಅವುಗಳ ಜೊತೆ ಮಕ್ಕಳು. ಹಿಂದೆ ಹಳದಿ ಚರ್ಮದ ಷರಾಯಿ, ಹೂವಿನ ಕಸೂತಿಯ ಕೆಂಪು ವೇಸ್ಟ್‌ಕೋಟ್ ಹಾಕಿದ ದನಗಾಹಿ. ಅವನ ಹಿಂದೆ ದೊಡ್ಡ ದೊಡ್ಡ ಗಂಟೆ ಕಟ್ಟಿದ ಮೂರು ಹಸು, ಆಮೇಲೆ ಉಳಿದ ಹಿಂಡು. ದನಗಾಹಿಗಳು ಒಂದು ಕಿವಿಗೆ ಬಂಗಾರದ ಓಲೆ ಹಾಕುತ್ತಾರೆ. ಆ ಓಲೆಗೆ ನೇತುಬಿದ್ದಿರೋದು ಹಾಲಿನ ಕೆನೆ ತೆಗೆಯುವ ಸೌಟಿನ ಪುಟಾಣಿ ರೂಪ. ಷರಾಯಿ ಎತ್ತಿಹಿಡಿಯುವ ಚರ್ಮದ ಪಟ್ಟಿಯ ಮೇಲೆ ಹಿತ್ತಾಳೆಯ ಹಸುಗಳ ಸಾಲು. ಅಂದರೆ ತಾವು ಯಾವ ಕೆಲಸದಿಂದ ಬದುಕುತ್ತೇವೋ ಅದನ್ನೇ ಮೈಮೇಲೆ ಒಡವೆಯಾಗಿ ಹಾಕಿಕೊಂಡಿದ್ದಾರೆ. ನಮ್ಮ ಸೆರಗಿನ ಮೇಲೂ ಜೋಳದ ತೆನೆ ಇದೆ, ಹಣಿಗೆ ಇದೆ. ಬೆಟ್ಟದ ಹುಲ್ಲುಗಾವಲಿನ ಈ ಪದ್ಧತಿಯನ್ನು 2023ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಆಪೆನ್ಸೆಲ್ ಹೆಂಗಸರು ಹಿಂದೆ ಮನೆಯಲ್ಲಿ ಕೂತು ಬಿಳಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ಕಸೂತಿ ಹಾಕಿ ಸಂಸಾರ ನಡೆಸಿದವರು. ಆ ಊರಿನ ಒಂದು ಸಣ್ಣ ಅಂಗಡಿಗೆ ಹೋಗಿದ್ದೆ. ಅಂಗಡಿಯ ಅಜ್ಜಿ ಕಿಟಕಿ ಹತ್ತಿರ ಕೂತು ಕರವಸ್ತ್ರದ ಮೂಲೆಗೆ ಹೂವು ಹಾಕುತ್ತಿದ್ದರು. ನನ್ನ ಸೀರೆಯ ಮೇಲೆ ಕಸೂತಿ ಇತ್ತು, ಗೋಪುರ, ತೇರು, ಆನೆ. ಅಜ್ಜಿ ಕನ್ನಡಕ ಮೇಲೆ ಮಾಡಿ ನೋಡಿದರು. ಆಮೇಲೆ ಏನೂ ಕೇಳದೆ ಸೆರಗು ಹಿಡಿದು ಮಗುಚಿದರು. ಹಿಂಬದಿ ನೋಡಿದರು. ಮತ್ತೆ ಮುಂದೆ, ಮತ್ತೆ ಹಿಂದೆ. ಗಂಟು ಹುಡುಕುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. ನಮ್ಮ ಕಡೆಯ ಕಸೂತಿಯಲ್ಲಿ ಗಂಟು ಹಾಕೋದಿಲ್ಲ. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಎರಡೂ ಕಡೆ ಒಂದೇ ಥರ ಕಾಣಬೇಕು, ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳೋದೂ ಇಲ್ಲ, ಎಳೆ ಎಣಿಸಿಕೊಂಡೇ ಹಾಕಬೇಕು. ಅಜ್ಜಿ ಕೈಬೆರಳಲ್ಲಿ ಒಂದೊಂದೇ ಎಳೆ ಎಣಿಸುವ ಹಾಗೆ ಮಾಡಿ ತೋರಿಸಿ, ನನ್ನ ಮುಖ ನೋಡಿದರು. ಹೌದು ಅಂತ ತಲೆ ಆಡಿಸಿದೆ. ಅವರು ತಮ್ಮ ಕರವಸ್ತ್ರ ಕೊಟ್ಟು, ಇದನ್ನೂ ಮಗುಚಿ ನೋಡು ಅನ್ನೋ ಹಾಗೆ ಸನ್ನೆ ಮಾಡಿದರು. ನನ್ನ ಜರ್ಮನ್ ತೀರಾ ಸಾಧಾರಣ, ಅವರ ಆಡುಭಾಷೆ ಒಂದು ಅಕ್ಷರ ತಿಳಿಯಲಿಲ್ಲ. ಆದರೂ ಬೇಕಾದಷ್ಟು ಮಾತಾಡಿದೆವು. ಪ್ಯಾಂಟು ಜಾಕೆಟ್ಟಿನಲ್ಲಿ ಹೋಗಿದ್ದರೆ ನಾನು ಅವರಿಗೆ ಇನ್ನೊಬ್ಬ ಗಿರಾಕಿ ಆಗಿರುತ್ತಿದ್ದೆ ಅಷ್ಟೇ.

ಅಲ್ಲಿಂದ ಹತ್ತಿರದಲ್ಲೇ ಸೇಂಟ್ ಗಾಲನ್. ಕಸೂತಿಯ ದೊಡ್ಡ ಊರು. 1910ರ ಹೊತ್ತಿಗೆ ಜಗತ್ತಿನ ಒಟ್ಟು ಕಸೂತಿ ಬಟ್ಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಭಾಗದಿಂದಲೇ ಹೋಗುತ್ತಿತ್ತು. ಇಸಾಕ್ ಗ್ರೋಬ್ಲಿ ಅನ್ನುವವರು 1863ರಲ್ಲಿ ಹೊಸ ಥರದ ಕಸೂತಿ ಯಂತ್ರ ಮಾಡಿದ ಮೇಲೆ ಕೆಲಸ ಜೋರಾಯಿತು. ಅದಕ್ಕೂ ಹಿಂದಿನ ಕೈಯಂತ್ರಗಳಿಗೆ ಸೂಜಿ ಪೋಣಿಸಲು ಮನೆಯ ಮಕ್ಕಳನ್ನೇ ಕೂರಿಸುತ್ತಿದ್ದರು, ಶಾಲೆಗೆ ಮೊದಲು, ಶಾಲೆಯ ಆಮೇಲೆ. ಮೊದಲ ಮಹಾಯುದ್ಧ ಬಂದು ವ್ಯಾಪಾರ ಕುಸಿಯಿತು. ಇವತ್ತು ಅಲ್ಲಿ ಕಮ್ಮಿ ಕಂಪನಿಗಳಿವೆ, ತುಂಬಾ ದುಬಾರಿ ಬಟ್ಟೆ ಮಾಡುತ್ತವೆ. ಇಳಕಲ್, ಗುಳೇದಗುಡ್ಡದ ಮಗ್ಗದ ಮನೆಗಳನ್ನು ನೋಡಿ ಬೆಳೆದವಳಿಗೆ ಅಲ್ಲಿನ ಮ್ಯೂಸಿಯಂನಲ್ಲಿ ನಿಂತಾಗ ಹೊಟ್ಟೆಯಲ್ಲಿ ಏನೋ ತಳಮಳ. ಪವರ್‌ಲೂಮ್ ಬಂದ ಮೇಲೆ ನಮ್ಮ ಓಣಿಗಳಲ್ಲಿ ಕೈಮಗ್ಗದ ಸದ್ದು ಎಷ್ಟು ಕಮ್ಮಿಯಾಯಿತು ಅಂತ ನಿಮಗೂ ಗೊತ್ತು.

ಆಪೆನ್ಸೆಲ್‌ನ ಇನ್ನೊಂದು ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಆ ಸೀಮೆಯ ಇನ್ನರ್‌ರೋಡೆನ್ ಅನ್ನೋ ಭಾಗದ ಜನ ವರ್ಷಕ್ಕೊಮ್ಮೆ ಬಯಲಲ್ಲಿ ಸೇರಿ ಕೈ ಎತ್ತಿ ಮತ ಹಾಕುತ್ತಾರೆ. ಎಷ್ಟು ಚಂದದ ಪದ್ಧತಿ ಅನಿಸುತ್ತದೆ. ಆದರೆ ಸ್ವಿಟ್ಜರ್ಲೆಂಡಿನ ಹೆಂಗಸರಿಗೆ ದೇಶದ ಮಟ್ಟದಲ್ಲಿ ಮತದ ಹಕ್ಕು ಸಿಕ್ಕಿದ್ದೇ 1971ರಲ್ಲಿ. ಲೂಸಿ ವಾಕರ್ ಮ್ಯಾಟರ್‌ಹಾರ್ನ್ ಹತ್ತಿ ಸರಿಯಾಗಿ ನೂರು ವರ್ಷ ಆದ ಮೇಲೆ. ಆಪೆನ್ಸೆಲ್ ಇನ್ನರ್‌ರೋಡೆನ್‌ನ ಗಂಡಸರು ಆಮೇಲೂ ತಮ್ಮ ಬಯಲಿಗೆ ಹೆಂಗಸರನ್ನು ಬಿಡಲಿಲ್ಲ. 1990ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ ಬಿಡಬೇಕಾಯಿತು. ನಮ್ಮ ಅಜ್ಜಿ ಓದು ಬರಹ ಬಾರದವಳು, 1952ರ ಮೊದಲ ಚುನಾವಣೆಯಲ್ಲೇ ಮತ ಹಾಕಿದ್ದಳು. ಹಳೆಯ ಬಟ್ಟೆಯನ್ನು ಪ್ರೀತಿಸಬೇಕು ಅಂದರೆ ಹಳೆಯದೆಲ್ಲವನ್ನೂ ಹೊತ್ತುಕೊಳ್ಳಬೇಕು ಅಂತಲ್ಲ.

ಕೊನೆಯ ಭಾಗ ಆಸ್ಟ್ರಿಯಾ, ಸಾಲ್ಜ್‌ಬರ್ಗ್ ಕಡೆ. ಅಲ್ಲಿ ಡಿರ್ನ್‌ಡ್ಲ್ ಅಂತ ಹೆಂಗಸರ ಬಟ್ಟೆ. ಬಿಗಿ ಕುಬಸ, ಅಗಲ ಲಂಗ, ಮುಂದೆ ಕಟ್ಟುವ ಏಪ್ರನ್. ಹಳ್ಳಿಯ ಕೆಲಸದ ಹೆಂಗಸರು ಹಾಕುತ್ತಿದ್ದ ಬಟ್ಟೆ ಅದರ ಮೂಲ. ಏಪ್ರನ್ ಇರೋದೇ ಲಂಗ ಕೊಳೆಯಾಗಬಾರದು ಅಂತ. 19ನೇ ಶತಮಾನದ ಕೊನೆಗೆ ವಿಯೆನ್ನಾ, ಮ್ಯೂನಿಕ್‌ನ ಶ್ರೀಮಂತರು ಬೇಸಿಗೆ ಕಳೆಯಲು ಬೆಟ್ಟಕ್ಕೆ ಬಂದರಲ್ಲ, ಅವರ ಹೆಂಗಸರಿಗೆ ಇದು ಇಷ್ಟವಾಯಿತು. ತಾವೂ ಹೊಲಿಸಿಕೊಂಡರು. ಅಲ್ಲಿಂದ ಅದು ಫ್ಯಾಷನ್. ಇದು ಆಲ್ಪ್ಸ್‌ಗೆ ಹೊಸದೇನಲ್ಲ. 1805ರಲ್ಲೇ ಇಂಟರ್‌ಲಾಕೆನ್ ಹತ್ತಿರ ಉನ್‌ಸ್ಪುನ್ನನ್ ಅನ್ನೋ ಜಾಗದಲ್ಲಿ ದನಗಾಹಿಗಳ ಹಬ್ಬ ನಡೆಸಿದ್ದರು. ಕುಸ್ತಿ, ಕಲ್ಲು ಎಸೆತ, ಹಾಡು, ಊರಿನ ಬಟ್ಟೆ. ನೋಡಲು ದೂರದ ದೇಶಗಳಿಂದ ದೊಡ್ಡ ಮನುಷ್ಯರು ಬಂದರು. ಇಂಟರ್‌ಲಾಕೆನ್ ಪ್ರವಾಸಿ ಊರಾಗಿದ್ದು ಅಲ್ಲಿಂದಲೇ ಶುರು. ಅಂದರೆ ಇನ್ನೂರು ವರ್ಷದಿಂದ ಆಲ್ಪ್ಸ್‌ನಲ್ಲಿ ಕೆಲಸದ ಬಟ್ಟೆ ಮತ್ತು ಪ್ರದರ್ಶನದ ಬಟ್ಟೆ ಎರಡೂ ಜೊತೆಗೇ ನಡೆದು ಬಂದಿವೆ.

ಡಿರ್ನ್‌ಡ್ಲ್ ಅನ್ನು ಪಟ್ಟಣದವರ ಮೆಚ್ಚಿನ ಬಟ್ಟೆ ಮಾಡಿದವರಲ್ಲಿ ಮುಖ್ಯರು ಮ್ಯೂನಿಕ್‌ನ ವಾಲಾಖ್ ಸಹೋದರರು, ಯೂಲಿಯಸ್ ಮತ್ತು ಮೊರಿಟ್ಸ್. ಇಬ್ಬರೂ ಯಹೂದಿಗಳು. ಹಳ್ಳಿ ಹಳ್ಳಿಯ ಬಟ್ಟೆ ಸಂಗ್ರಹಿಸಿದರು, ಅಂಗಡಿ ಕಟ್ಟಿದರು, ಆ ಬಟ್ಟೆಗೆ ಹೆಸರು ತಂದರು. ಆಮೇಲೆ ನಾಜಿಗಳು ಬಂದರು. ಈ ಬಟ್ಟೆ ನಮ್ಮ ರಕ್ತದವರಿಗೆ ಮಾತ್ರ ಅಂದರು. 1938ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಪೊಲೀಸರು ಆದೇಶ ಹೊರಡಿಸಿ, ಯಹೂದಿಗಳು ಊರಿನ ಸಾಂಪ್ರದಾಯಿಕ ಬಟ್ಟೆ ಹಾಕುವಂತಿಲ್ಲ ಎಂದು ನಿಷೇಧಿಸಿದರು. ಅದೇ ವರ್ಷ ವಾಲಾಖ್ ಅಂಗಡಿಯನ್ನೂ ಅವರ ಕೈಯಿಂದ ಕಿತ್ತುಕೊಂಡರು.

ಇದನ್ನು ತಿಳಿದ ದಿನ ನಾನು ಸಾಲ್ಜ್‌ಬರ್ಗ್‌ನ ಬೀದಿಯಲ್ಲಿ ಸೀರೆ ಉಟ್ಟುಕೊಂಡು ನಡೆಯುತ್ತಿದ್ದೆ. ಅಂಗಡಿಗಳ ಗಾಜಿನ ಹಿಂದೆ ಡಿರ್ನ್‌ಡ್ಲ್‌ಗಳು. ಒಂದು ಬಟ್ಟೆಯನ್ನು ಬೆಳೆಸಿದವರಿಗೇ ಅದನ್ನು ಹಾಕಬೇಡ ಅನ್ನೋ ಕ್ರೌರ್ಯವನ್ನು ನಾನು ಮರೆಯಲಾರೆ. ವೇಷ ಆಗೋದಕ್ಕಿಂತ ಕೆಟ್ಟದ್ದು ಇದು, ಬಟ್ಟೆ ಬೇಲಿ ಆಗಿಬಿಡೋದು. ಸೀರೆ ಉಟ್ಟು ನೋಡಬೇಕು ಅಂತ ನನ್ನ ಜೊತೆ ಓದುವ ಬೇರೆ ದೇಶದ ಹುಡುಗಿಯರು ಕೇಳಿದಾಗ ನಾನು ಖುಷಿಯಿಂದ ಉಡಿಸುತ್ತೇನೆ, ಉಡಿಸುತ್ತಲೇ ಇರುತ್ತೇನೆ.

ಅದೇ ಕಡೆ ಮನಸ್ಸು ತುಂಬಿದ್ದು ನೀಲಿ ಅಚ್ಚಿನ ಬಟ್ಟೆ ನೋಡಿ. ಮರದ ಅಚ್ಚಿನಿಂದ ಬಿಳಿ ಬಟ್ಟೆಯ ಮೇಲೆ ಒಂದು ಥರದ ಅಂಟು ಒತ್ತುತ್ತಾರೆ. ಆಮೇಲೆ ನೀಲಿಯ ತೊಟ್ಟಿಗೆ ಇಳಿಸುತ್ತಾರೆ. ಮೇಲೆ ಎತ್ತಿದಾಗ ಬಟ್ಟೆ ಹಸಿರು ಹಳದಿಯಾಗಿರುತ್ತದೆ, ಗಾಳಿ ತಾಗುತ್ತಿದ್ದ ಹಾಗೆ ಕಣ್ಣೆದುರೇ ನೀಲಿಯಾಗುತ್ತದೆ. ಮತ್ತೆ ಇಳಿಸಿ, ಮತ್ತೆ ಎತ್ತಿ, ಬೇಕಾದಷ್ಟು ಗಾಢ ಆಗುವವರೆಗೆ. ಕೊನೆಗೆ ಅಂಟು ತೊಳೆದರೆ ಅಚ್ಚು ಒತ್ತಿದಲ್ಲಿ ಬಿಳಿ ಹೂವು. ಡಿರ್ನ್‌ಡ್ಲ್, ಏಪ್ರನ್‌ಗಳಿಗೆ ಈ ಬಟ್ಟೆ ಬಳಸುತ್ತಾರೆ. ಆಸ್ಟ್ರಿಯಾ, ಜರ್ಮನಿ, ಹಂಗೆರಿ, ಚೆಕ್, ಸ್ಲೊವಾಕಿಯಾ ಐದೂ ದೇಶದ ಈ ಕಸುಬನ್ನು 2018ರಲ್ಲಿ ಯುನೆಸ್ಕೊ ಪಟ್ಟಿಗೆ ಹಾಕಿದೆ. ಆ ನೀಲಿ ಮೊದಲು ಅಲ್ಲಿಗೆ ಜಾಸ್ತಿ ಪ್ರಮಾಣದಲ್ಲಿ ಹೋಗಿದ್ದು ಎಲ್ಲಿಂದ ಗೊತ್ತಾ? ನಮ್ಮ ದೇಶದಿಂದ, ಸಮುದ್ರದ ದಾರಿ ಸಿಕ್ಕ ಮೇಲೆ. ಅದಕ್ಕೂ ಮುಂಚೆ ಯುರೋಪಿನವರು ವೋಡ್ ಅನ್ನೋ ಗಿಡದಿಂದ ನೀಲಿ ತೆಗೆಯುತ್ತಿದ್ದರು. ಭಾರತದ ನೀಲಿ ಅದಕ್ಕಿಂತ ಎಷ್ಟೋ ಪಾಲು ಗಟ್ಟಿ. ವೋಡ್ ಬೆಳೆಯುವ ರೈತರು ಕಂಗಾಲಾದರು, ಹಲವು ಕಡೆ ಭಾರತದ ನೀಲಿಯನ್ನು ಸೈತಾನನ ಬಣ್ಣ ಅಂತ ಕರೆದು ನಿಷೇಧಿಸಿದರು. ಕೊನೆಗೆ ನಮ್ಮ ನೀಲಿಯೇ ಗೆದ್ದಿತು. ಬೆಟ್ಟದ ಹೆಂಗಸಿನ ಏಪ್ರನ್ ಕೂಡ ಒಂದು ಕಾಲಕ್ಕೆ ನಮ್ಮ ಹೊಲದ ಗಿಡದಿಂದ ಬಣ್ಣ ಪಡೆದಿತ್ತು.

ನೀವು ಬರೆದುಕೊಟ್ಟ ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಹೇಳಿ ಮುಗಿಸುತ್ತೇನೆ.

ಒಬ್ಬರು ಕೇಳಿದ್ದಾರೆ, ಖರ್ಚು ಎಷ್ಟಾಗುತ್ತದೆ ಅಂತ. ಸ್ವಿಟ್ಜರ್ಲೆಂಡ್ ದುಬಾರಿ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ಓದಲು ಹೋಗುವವರು ಮೊದಲು ಅರ್ಧ ದರದ ಕಾರ್ಡ್ ಮಾಡಿಸಿಕೊಳ್ಳಿ, ಹಾಲ್ಬ್‌ಟಾಕ್ಸ್ ಅಂತ ಅದಕ್ಕೆ ಹೆಸರು. ಹೆಚ್ಚಿನ ರೈಲುಗಳಲ್ಲಿ, ಎಷ್ಟೋ ಬೆಟ್ಟದ ರೈಲುಗಳಲ್ಲೂ ಟಿಕೆಟ್ ಅರ್ಧಕ್ಕೆ ಇಳಿಯುತ್ತದೆ. ಊಟ ಕಟ್ಟಿಕೊಂಡು ಹೋಗಿ. ರೊಟ್ಟಿ, ಶೇಂಗಾ ಚಟ್ನಿ ಚಳಿಯಲ್ಲಿ ಕೆಡೋದೇ ಇಲ್ಲ. ಮೇಲಿನ ತುದಿಯವರೆಗೆ ಟಿಕೆಟ್ ತೆಗೆಯಲೇಬೇಕು ಅಂತ ಏನಿಲ್ಲ. ಮಧ್ಯದಲ್ಲಿ ಇಳಿದು ನಡೆದರೂ ಅದೇ ಬೆಟ್ಟ ಕಾಣುತ್ತದೆ.

ಇನ್ನೊಬ್ಬರು ಕೇಳಿದ್ದಾರೆ, ಅಲ್ಲಿಗೆ ಒಯ್ಯಲು ಎಂಥ ಇಳಕಲ್ ಸೀರೆ ಕೊಳ್ಳಬೇಕು ಅಂತ. ಮೈ ಹತ್ತಿಯದ್ದಿರಲಿ, ಸೆರಗು ಮಾತ್ರ ರೇಷ್ಮೆ. ಗಾಢ ಬಣ್ಣ ತಗೊಳ್ಳಿ, ಬೆಟ್ಟದ ಮಣ್ಣು ಕಾಣೋದಿಲ್ಲ. ಕಚ್ಚೆ ಹಾಕುವುದಾದರೆ ಒಂಬತ್ತು ಗಜ ಬೇಕು, ಅಂಗಡಿಯಲ್ಲಿ ಕೇಳಿಯೇ ತರಿಸಬೇಕಾಗುತ್ತದೆ. ಕೊಳ್ಳುವಾಗ ಮೈ ಮತ್ತು ಸೆರಗು ಸೇರುವ ಜಾಗ ಬಿಚ್ಚಿ ತೋರಿಸಿ ಅನ್ನಿ. ಕೈಮಗ್ಗದ್ದಾದರೆ ಅಲ್ಲಿ ಕೊಂಡಿ ಇರುತ್ತದೆ. ಮೈಯ ಹಾಸಿನ ಎಳೆಗೆ ಸೆರಗಿನ ಹಾಸಿನ ಎಳೆಯನ್ನು ಒಂದೊಂದಾಗಿ ಸಿಕ್ಕಿಸಿ ಸೇರಿಸಿರುತ್ತಾರೆ. ಈ ಕೆಲಸ ಕೈಯಲ್ಲೇ ಆಗಬೇಕು, ಮತ್ತು ಒಂದು ಸಲ ಕೊಂಡಿ ಹಾಕಿದರೆ ಒಂದೇ ಸೀರೆ. ಬೆಳಕಿಗೆ ಹಿಡಿದರೆ ಆ ಸಾಲು ಕಾಣುತ್ತದೆ. ಕಾಣದಿದ್ದರೆ ಮುಂದಿನ ಅಂಗಡಿಗೆ ಹೋಗಿ.